ಸಹಿ ಬಲ್ಲವರಿಂದ ಹೆಬ್ಬೆಟ್ಟು ಯಾಕೆ?

ತಮ್ಮನ ಕಾನೂನುಬದ್ಧ ಪಾಲಕತ್ವ ಅಣ್ಣನಿಗೆ ಸಲ್ಲಬೇಕೋ ನಿಮಗೆ ಸಲ್ಲಬೇಕೋ ಎಂದು ಕೇಳಿ ನೀವು ಬರೆದ ದೀರ್ಘ ಪತ್ರವನ್ನು ಓದಿ ಮುಗಿಸಿದ ಮೇಲೂ ಅದರ ಒಂದು ಸಾಲು ನನ್ನನ್ನು ಬಿಡಲಿಲ್ಲ. ಅಣ್ಣನ ಸ್ವಾರ್ಥ, ಅತ್ತಿಗೆಯ ಮೌನ, ನೀವು ಇಷ್ಟು ವರ್ಷ ಪಟ್ಟ ಶ್ರಮ, ಇವೆಲ್ಲವನ್ನೂ ವಿವರವಾಗಿ ಬರೆದಿದ್ದೀರಿ. ಆ ಸಾಲನ್ನು ಮಾತ್ರ ಅವುಗಳ ನಡುವೆ ಎಲ್ಲೋ ತೇಲಿಸಿಬಿಟ್ಟಿದ್ದೀರಿ.

ತಂದೆ ತೀರಿಕೊಂಡಿದ್ದಾರೆ, ಮನೆ ಇನ್ನೂ ಅವರ ಹೆಸರಿನಲ್ಲೇ ಇದೆ. ತಾಯಿಗೆ ವಯಸ್ಸಾಗಿದೆ. ಬೌದ್ಧಿಕ ಅಂಗವೈಕಲ್ಯವುಳ್ಳ ತಮ್ಮನಿಗೆ ಈಗ 36 ವರ್ಷ. ತರಬೇತಿ ಕೇಂದ್ರವೊಂದರಲ್ಲಿ ಕಾಗದದ ಚೀಲ ತಯಾರಿಸುವ ಕೆಲಸ ಮಾಡುತ್ತಾರೆ. ಸೋದರಮಾವ ಮುಂದೆ ನಿಂತು ಅಣ್ಣನ ಪರವಾಗಿ ಪಾಲಕತ್ವದ ಅರ್ಜಿ ಹಾಕಿಸಿದ್ದಾರೆ, ನೀವು ಅದಕ್ಕೆ ಎದುರಾಗಿ ಇನ್ನೊಂದು ಅರ್ಜಿ ಸಲ್ಲಿಸಲು ಹೊರಟಿದ್ದೀರಿ. ಇಷ್ಟು ನಿಮ್ಮ ಕಥೆ.

ಈಗ ಆ ಸಾಲಿಗೆ ಬರುತ್ತೇನೆ. ಮಾವ ತಂದ ಕಾಗದಕ್ಕೆ ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡರು ಎಂದು ಬರೆದಿದ್ದೀರಿ. ಅದೇ ಪತ್ರದ ಇನ್ನೊಂದು ಕಡೆ, ಸಂಬಳ ಬಂದಾಗ ತಮ್ಮ ತಾಯಿಯ ಜೊತೆ ಬ್ಯಾಂಕಿಗೆ ಹೋಗಿ, ಚಲನ್ನಿನ ಗೆರೆಯ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ತಾನೇ ಸಹಿ ಹಾಕಿ ಹಣ ತೆಗೆಯುತ್ತಾರೆ, ಹಿಂದಿನವರು ಅವಸರಪಡಿಸಿದರೂ ಪೆನ್ನು ಕೆಳಗಿಡುವುದಿಲ್ಲ ಎಂದೂ ಅಭಿಮಾನದಿಂದ ಹೇಳಿಕೊಂಡಿದ್ದೀರಿ. ಹಾಗಾದರೆ ಸಹಿ ಮಾಡಬಲ್ಲ ವ್ಯಕ್ತಿಯ ಬೆರಳನ್ನು ಹಿಡಿದು ಶಾಯಿಗೆ ಅದ್ದಿಸಿದ್ದು ಯಾಕೆ? ಕಾಗದದಲ್ಲಿ ಏನಿದೆ ಎಂದು ಅವರಿಗೆ ಯಾರಾದರೂ ಓದಿ ಹೇಳಿದರೇ? ಇಲ್ಲವೆಂದು ನಿಮ್ಮ ಪತ್ರವೇ ತಿಳಿಸುತ್ತದೆ, ಏಕೆಂದರೆ ಆ ಮಾತುಕತೆಯ ಹೊತ್ತಿನಲ್ಲಿ ಅವರನ್ನು ಟಿವಿ ನೋಡಲು ಕಳುಹಿಸಿದ್ದಿರಿ.

ನಿಮ್ಮ ಅಣ್ಣನ ಮೇಲೆ ನನಗೆ ಅಷ್ಟೊಂದು ಸಿಟ್ಟಿಲ್ಲ. ಅವರು ಹೆದರಿದ ಮನುಷ್ಯನಂತೆ ಕಾಣುತ್ತಾರೆ. ನನ್ನ ಸಿಟ್ಟೆಲ್ಲ ನಿಮ್ಮ ಸೋದರಮಾವನ ಮೇಲೆ. ಹಿರಿತನದ ಬಲದಿಂದ ಮನೆಗೆ ಬಂದು, ಎದುರಿಗೇ ಇದ್ದ ವಯಸ್ಕನೊಬ್ಬನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕೆಲಸ ಮುಗಿಸಿ ಎದ್ದು ಹೋದದ್ದು ಸಣ್ಣ ತಪ್ಪಲ್ಲ. ನಿಮ್ಮ ತಾಯಿಯ ಬಗ್ಗೆ ಮಾತ್ರ ಮರುಕವಾಗುತ್ತದೆ. ತಾನು ಹೋದ ಮೇಲೆ ಮಗನಿಗೆ ಯಾರು ಎಂಬ ಭಯದಲ್ಲಿ ಅವರು ಮುಂದೆ ಬಂದ ಯಾವ ಕಾಗದಕ್ಕಾದರೂ ತಲೆಯಾಡಿಸುತ್ತಾರೆ.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಪಾಲಕತ್ವ ಇರಬೇಕಾದದ್ದು ವ್ಯಕ್ತಿಯ ಮೇಲಲ್ಲ, ಆ ವ್ಯಕ್ತಿಗೆ ನೆರವು ಬೇಕಾದ ನಿರ್ದಿಷ್ಟ ಕೆಲಸಗಳಿಗೆ. ಇದು ನನ್ನೊಬ್ಬಳ ಹಟವಲ್ಲ. ಮಕ್ಕಳಿಗೆ 18 ತುಂಬಿದ ಮೇಲೆ ಹೆತ್ತವರಿಗೂ ಸಹಜ ಪಾಲಕತ್ವ ಉಳಿಯುವುದಿಲ್ಲವಾದ್ದರಿಂದ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯವುಳ್ಳವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಸ್ಥಳೀಯ ಮಟ್ಟದ ಸಮಿತಿಯ ಮೂಲಕ ಪಾಲಕರನ್ನು ನೇಮಿಸುವ ವ್ಯವಸ್ಥೆ ಮಾಡಿತು. ಜಿಲ್ಲಾಧಿಕಾರಿಗಳ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಹಾಗೂ ಒಬ್ಬ ಅಂಗವಿಕಲ ವ್ಯಕ್ತಿ ಇರುವ ಆ ಸಮಿತಿ ಮೊದಲು ನೋಡಬೇಕಾದದ್ದೇ ಪಾಲಕರ ಅಗತ್ಯವಿದೆಯೇ, ಇದ್ದರೆ ಯಾವ ಉದ್ದೇಶಕ್ಕೆ ಎಂಬುದನ್ನು. ನಿಮ್ಮಿಬ್ಬರ ಅರ್ಜಿಗಳಲ್ಲೂ ಉದ್ದೇಶದ ಜಾಗದಲ್ಲಿ ‘ಎಲ್ಲ ವ್ಯವಹಾರಗಳಿಗೆ’ ಎಂದಿದೆಯಂತೆ. ಸ್ವಂತ ಸಂಬಳವನ್ನು ತಾನೇ ತೆಗೆಯುವವರಿಗೆ ಎಲ್ಲ ವ್ಯವಹಾರಗಳಿಗೂ ಪಾಲಕರು ಬೇಕೆಂದು ನೀವು ಯಾವ ಮುಖದಿಂದ ಕೇಳುತ್ತೀರಿ?

ಮನೆಯ ವಿಷಯ ಇನ್ನೂ ಸೂಕ್ಷ್ಮ. ತಂದೆಯ ಆಸ್ತಿಯಲ್ಲಿ ತಮ್ಮನಿಗಿರುವಂತೆಯೇ ಅಣ್ಣನಿಗೂ ನಿಮಗೂ ಪಾಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವಿಕಲರಿಗೆ ಆಸ್ತಿ ಹೊಂದುವ, ಹಣಕಾಸು ನಿರ್ವಹಿಸುವ ಸಮಾನ ಹಕ್ಕನ್ನು ಒಪ್ಪಿಕೊಂಡಿದ್ದು, ನೆರವು ನೀಡುವವರಿಗೆ ಯಾವುದೇ ಆರ್ಥಿಕ ವ್ಯವಹಾರದಲ್ಲಿ ಹಿತಾಸಕ್ತಿಯ ಸಂಘರ್ಷ ಉಂಟಾದರೆ ಆ ವ್ಯವಹಾರದ ಮಟ್ಟಿಗೆ ಅವರು ಹಿಂದೆ ಸರಿಯಬೇಕು ಎನ್ನುತ್ತದೆ. ಅದೇ ಕಾಯ್ದೆಯ ಸೀಮಿತ ಪಾಲಕತ್ವವೂ ಪರಸ್ಪರ ವಿಶ್ವಾಸದ ಮೇಲೆ, ಜಂಟಿ ನಿರ್ಧಾರದ ಮೇಲೆ, ನಿರ್ದಿಷ್ಟ ಅವಧಿ ಮತ್ತು ನಿರ್ದಿಷ್ಟ ನಿರ್ಧಾರಕ್ಕೆ ಸೀಮಿತವಾಗಿ ನಿಂತಿದೆ. ಮನೆಯ ಪಾಲಿನ ಪ್ರಶ್ನೆಯಲ್ಲಿ ಅಣ್ಣ ಎಷ್ಟು ಅನುಮಾನಾರ್ಹರೋ ನೀವೂ ಅಷ್ಟೇ. ಇದು ನಿಮಗೆ ನೋವು ತರುತ್ತದೆಂದು ಬಲ್ಲೆ. ತಮ್ಮನ ಜ್ವರಕ್ಕೆ ರಾತ್ರಿಯೆಲ್ಲ ಕೂತವರು ನೀವು, ಆದರೂ ಪಾಲುದಾರರೇ.

ನಾಳೆ ಪಾಲಕರಾದವರಿಗೆ ಹೊಣೆಯೂ ಹಗುರವಲ್ಲ. 1999ರ ಕಾಯ್ದೆಯಡಿ ನೇಮಕವಾದ ಆರು ತಿಂಗಳೊಳಗೆ ಆಸ್ತಿ ಮತ್ತು ಋಣಗಳ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪಾಲಕರು ನಿರ್ಲಕ್ಷಿಸಿದರೆ ಅಥವಾ ಆಸ್ತಿ ದುರುಪಯೋಗ ಮಾಡಿದರೆ ತೆಗೆದುಹಾಕುವಂತೆ ಸಂಬಂಧಿಕರೂ ನೋಂದಾಯಿತ ಸಂಸ್ಥೆಯೂ ಕೇಳಬಹುದು. ಅಣ್ಣನೇ ಪಾಲಕರಾದರೂ ಎಲ್ಲವೂ ಮುಗಿದುಹೋಯಿತೆಂದು ನೀವು ಕಂಗೆಡಬೇಕಾಗಿಲ್ಲ.

ನೀವು ಐದು ಪ್ರಶ್ನೆ ಕೇಳಿದ್ದೀರಿ, ನಾನು ಒಂದೇ ಕೆಲಸ ಹೇಳುತ್ತೇನೆ: ನಿಮ್ಮ ತಮ್ಮನನ್ನು ಕೇಳಿ. ಮಾವನ ಎದುರಿಗೆ ಬೇಡ, ನಿಮ್ಮ ಎದುರಿಗೂ ಬೇಡ. ಅವರಿಗೆ ಆಪ್ತರಾದ ತರಬೇತಿ ಕೇಂದ್ರದ ಶಿಕ್ಷಕಿಯ ಬಳಿ ಅವರು ಕೂತು ಮಾತಾಡಲಿ. ಯಾರೊಂದಿಗೆ ಇರಲು ಇಷ್ಟ, ಯಾವ ಕೆಲಸಕ್ಕೆ ಯಾರ ನೆರವು ಬೇಕು, ಹಣ ಯಾರ ಬಳಿ ಇರಬೇಕು ಎಂಬುದನ್ನು ಒಂದೇ ದಿನದಲ್ಲಿ ಮುಗಿಸದೆ, ಬೇರೆ ಬೇರೆ ದಿನ, ಸರಳ ಮಾತಿನಲ್ಲಿ ಕೇಳಲಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು ಸಮಿತಿಗೆ ತಲುಪಿಸಿ, ಹೆಬ್ಬೆಟ್ಟು ಪಡೆದ ರೀತಿಯನ್ನೂ ತಿಳಿಸಿ, ವಿಚಾರಣೆಯ ದಿನ ಅವರನ್ನೇ ಕರೆದುಕೊಂಡು ಹೋಗಿ. ಅವರು ಹೇಳುವ ಹೆಸರು ನಿಮ್ಮದಲ್ಲದಿದ್ದರೆ ನಿಮ್ಮ ಅರ್ಜಿಯನ್ನು ಸಲ್ಲಿಸಬೇಡಿ.