ಗುಂಡು ನಿಂತ ಮೇಲೂ ಸಾವು ನಿಲ್ಲದೇಕೆ?

ಯುದ್ಧದಲ್ಲಿ ಸಿಲುಕಿದ ನಾಗರಿಕರ ಪಾಡು ಹಾಗೂ ಕದನ ವಿರಾಮದ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಆಯ್ದು, ಅಂತರರಾಷ್ಟ್ರೀಯ ಮಾನವೀಯ ಕಾನೂನನ್ನು ಬೋಧಿಸುವ ನಮ್ಮ ತಜ್ಞರ ಮುಂದಿಟ್ಟಿದ್ದೆವು. ಅವರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಗಾಜಾದಲ್ಲಿ ಇಷ್ಟು, ಸುಡಾನಿನಲ್ಲಿ ಇಷ್ಟು ಎಂದು ದಿನಕ್ಕೊಂದು ಸಾವಿನ ಲೆಕ್ಕ ಕೇಳುತ್ತೇವೆ. ಯುದ್ಧದ ನಡುವೆ ಎಣಿಸುವವರು ಯಾರು? ಆ ಲೆಕ್ಕವನ್ನು ನಂಬಬಹುದೇ? — ನಿವೃತ್ತ ಗಣಿತ ಶಿಕ್ಷಕರು, ಬಸವನಗುಡಿ

ಗಣಿತದ ಮೇಷ್ಟರು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಎಲ್ಲ ಯುದ್ಧಗಳ ಲೆಕ್ಕವೂ ಒಂದೇ ಬಗೆಯದಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದಲ್ಲಿ ನಡೆದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನರು ಹತರಾಗಿ, ಸುಮಾರು 250 ಜನರು ಒತ್ತೆಯಾಳುಗಳಾದರು. ಆಡಳಿತ ವ್ಯವಸ್ಥೆ ಉಳಿದಿದ್ದ ಕಾರಣ ಅಲ್ಲಿ ಒಬ್ಬೊಬ್ಬರನ್ನೂ ಗುರುತಿಸಲು ಸಾಧ್ಯವಾಯಿತು. ಗಾಜಾದ ಆರೋಗ್ಯ ಸಚಿವಾಲಯವು ಮೃತರ ಹೆಸರು, ವಯಸ್ಸು ಮತ್ತು ಗುರುತಿನ ಸಂಖ್ಯೆಗಳಿರುವ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. 2025ರ ಮಧ್ಯದ ಹೊತ್ತಿಗೆ ಅದರ ಲೆಕ್ಕ 60,000 ದಾಟಿತ್ತು. ಆ ಪಟ್ಟಿ ಹೋರಾಟಗಾರರನ್ನೂ ನಾಗರಿಕರನ್ನೂ ಬೇರ್ಪಡಿಸುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅವಶೇಷಗಳಡಿ ಉಳಿದವರೂ ಔಷಧವಿಲ್ಲದೆ ಸತ್ತವರೂ ಅದರಲ್ಲಿ ಪೂರ್ತಿಯಾಗಿ ಸೇರುವುದಿಲ್ಲ ಎಂಬುದೂ ಅಷ್ಟೇ ಸರಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಮಾನದಂಡ ಇನ್ನೂ ಬಿಗಿಯಾದದ್ದು. ಕನಿಷ್ಠ ಮೂರು ಸ್ವತಂತ್ರ ಮೂಲಗಳಿಂದ ದೃಢಪಟ್ಟ ಸಾವನ್ನಷ್ಟೇ ಅದು ಎಣಿಸುತ್ತದೆ. ಯುದ್ಧದ ಮೊದಲ ಆರು ತಿಂಗಳಿಗೆ ಸಂಬಂಧಿಸಿ ಹೀಗೆ ದೃಢಪಟ್ಟ 8,119 ಸಾವುಗಳಲ್ಲಿ ಶೇ 70ರ ಹತ್ತಿರದಷ್ಟು ಮಹಿಳೆಯರು ಮತ್ತು ಮಕ್ಕಳೇ ಇದ್ದರು.

ಸುಡಾನಿನ ಸ್ಥಿತಿ ಬೇರೆ. ಅಲ್ಲಿ ಆಸ್ಪತ್ರೆಗಳು ಮುಚ್ಚಿ, ದೂರವಾಣಿ ಸಂಪರ್ಕವೇ ಕಡಿದುಹೋದ್ದರಿಂದ ಎಣಿಸುವ ಕೈಗಳೇ ಇಲ್ಲವಾದವು. ಆಗ ಸಂಶೋಧಕರು ಬಳಸಿದ ಉಪಾಯ ನಮ್ಮ ನಾಗರಹೊಳೆಯ ಹುಲಿ ಗಣತಿಯನ್ನು ಬಲ್ಲವರಿಗೆ ಹೊಸದೇನಲ್ಲ. ಕ್ಯಾಮೆರಾದಲ್ಲಿ ಮೊದಲ ಸಲ ಸಿಕ್ಕ ಹುಲಿಗಳಲ್ಲಿ ಎಷ್ಟು ಎರಡನೆಯ ಸಲವೂ ಸಿಕ್ಕವು ಎಂಬುದನ್ನು ಪಟ್ಟೆಗಳಿಂದ ಗುರುತಿಸಿ, ಒಮ್ಮೆಯೂ ಸಿಗದ ಹುಲಿಗಳೆಷ್ಟು ಎಂದು ಅಂದಾಜಿಸುವ ಕ್ರಮವದು. ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೊಂದರ ತಂಡವು ಇದೇ ಕ್ರಮದಲ್ಲಿ ಸಮೀಕ್ಷೆಗಳನ್ನೂ ಸಾಮಾಜಿಕ ಜಾಲತಾಣಗಳ ಶ್ರದ್ಧಾಂಜಲಿಗಳನ್ನೂ ತಾಳೆ ಹಾಕಿ, ಖಾರ್ಟೂಮ್ ಪ್ರಾಂತ್ಯವೊಂದರಲ್ಲೇ ಯುದ್ಧದ ಮೊದಲ 14 ತಿಂಗಳಲ್ಲಿ ಎಲ್ಲ ಕಾರಣಗಳಿಂದ 61,000ಕ್ಕೂ ಹೆಚ್ಚು ಜನರು ಸತ್ತಿರಬೇಕೆಂದು 2024ರಲ್ಲಿ ಅಂದಾಜಿಸಿತು. ಅವರಲ್ಲಿ ನೇರ ಹಿಂಸೆಗೆ ಬಲಿಯಾದವರು ಸುಮಾರು 26,000. ಉಳಿದವರನ್ನು ಕೊಂದದ್ದು ರೋಗ, ಹಸಿವು ಮತ್ತು ಚಿಕಿತ್ಸೆಯ ಅಭಾವ.

ಆದ್ದರಿಂದ ಸಂಖ್ಯೆಯೊಂದನ್ನು ಕೇಳಿದಾಗ ಸುಳ್ಳೋ ನಿಜವೋ ಎನ್ನುವುದಕ್ಕಿಂತ ಮೊದಲು, ಇದರಲ್ಲಿ ಯಾರು ಸೇರಿದ್ದಾರೆ, ಯಾರು ಸೇರಿಲ್ಲ ಎಂದು ಕೇಳಿಕೊಳ್ಳಿ.

ಪ್ರಶ್ನೆ: ಬಾಂಬ್ ದಾಳಿ ಕಡಿಮೆಯಾದಾಗಲೂ ಜನ ಸಾಯುತ್ತಲೇ ಇದ್ದಾರೆಂಬ ವರದಿ ಬರುತ್ತದೆ. ಹೇಗೆ? — ಗೃಹಿಣಿ, ಮಲ್ಲೇಶ್ವರ

ಉತ್ತರವನ್ನು ತಮ್ಮ ಮನೆಯ ನಲ್ಲಿಯಿಂದಲೇ ಆರಂಭಿಸುತ್ತೇನೆ. ಬೆಂಗಳೂರಿಗೆ ಕಾವೇರಿ ತಾನಾಗಿ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು ನೂರು ಕಿ.ಮೀ. ದೂರ, ಸುಮಾರು ಅರ್ಧ ಕಿ.ಮೀ. ಎತ್ತರಕ್ಕೆ ಅದನ್ನು ಮೂರು ಹಂತಗಳಲ್ಲಿ ಪಂಪ್ ಮಾಡಿ ಏರಿಸಲಾಗುತ್ತದೆ. ಆ ಪಂಪುಗಳಿಗೆ ವಿದ್ಯುತ್ ಒದಗಿಸುವ ಉಪಕೇಂದ್ರ ನಾಶವಾಗಿದೆ, ಹೊಸ ಟ್ರಾನ್ಸ್‌ಫಾರ್ಮರ್ ತರಬೇಕಾದ ರಸ್ತೆಯೂ ಮುಚ್ಚಿದೆ ಎಂದು ಭಾವಿಸಿ. ತಮ್ಮ ಬಡಾವಣೆಯ ಮೇಲೆ ಒಂದು ಬಾಂಬೂ ಬಿದ್ದಿಲ್ಲ. ಆದರೂ ಎರಡು ಮೂರು ದಿನಗಳಲ್ಲಿ ಸಂಪು ಬರಿದಾಗುತ್ತದೆ. ಬೋರ್‌ವೆಲ್ ಎತ್ತಲು ಕರೆಂಟಿಲ್ಲ, ಟ್ಯಾಂಕರ್ ಓಡಿಸಲು ಡೀಸೆಲ್ ಇಲ್ಲ. ಕೊಳಚೆ ನೀರಿನ ಘಟಕ ನಿಂತು ಮ್ಯಾನ್‌ಹೋಲ್‌ಗಳು ರಸ್ತೆಗೆ ಉಕ್ಕುತ್ತವೆ. ಒಮ್ಮೆ ಡಯಾಲಿಸಿಸ್ ಮಾಡಲು ನೂರು ಲೀಟರಿಗೂ ಹೆಚ್ಚು ಶುದ್ಧೀಕರಿಸಿದ ನೀರು ಬೇಕು. ಆಸ್ಪತ್ರೆಯ ಜನರೇಟರ್ ನಿಂತ ವಾರದಲ್ಲೇ ಮೂತ್ರಪಿಂಡದ ರೋಗಿಗಳು ಒಬ್ಬೊಬ್ಬರಾಗಿ ಹೋಗುತ್ತಾರೆ. ಫ್ರಿಜ್ಜಿನಲ್ಲಿಡಬೇಕಾದ ಇನ್ಸುಲಿನ್ ಕೆಡುತ್ತದೆ. ಈ ಸಾವುಗಳನ್ನು ಯಾವ ಸೇನೆಯೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದಿಲ್ಲ.

ನಮ್ಮ ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬ ಮಾನದಂಡವಿದೆ. ಪರಿಹಾರ ಸಂಸ್ಥೆಗಳು ವಿಪತ್ತಿನಲ್ಲಿ ಇಟ್ಟುಕೊಂಡ ಕನಿಷ್ಠ ಗುರಿ 15 ಲೀಟರ್. ಅಡುಗೆ, ಸ್ನಾನ, ಕುಡಿಯುವುದು ಎಲ್ಲವೂ ಅಷ್ಟರಲ್ಲೇ.

ಗಾಜಾದಲ್ಲಿ ನಡೆದದ್ದು ಈ ಸರಪಳಿಯೇ. ಅಲ್ಲಿನ ಏಕೈಕ ವಿದ್ಯುತ್ ಸ್ಥಾವರವು ಇಂಧನವಿಲ್ಲದೆ 2023ರ ಅಕ್ಟೋಬರ್ 11ರಂದು ನಿಂತುಹೋಯಿತು. ಮುಂದಿನ ಜೂನ್‌ನಲ್ಲಿ ಸಂಗ್ರಹಿಸಿದ ಕೊಳಚೆ ನೀರಿನ ಮಾದರಿಗಳಲ್ಲಿ ಪೋಲಿಯೊ ವೈರಾಣು ಪತ್ತೆಯಾಯಿತು. ಆಗಸ್ಟ್‌ನಲ್ಲಿ ಹತ್ತು ತಿಂಗಳ ಮಗುವೊಂದಕ್ಕೆ ಪಾರ್ಶ್ವವಾಯು ಬಡಿದದ್ದು ಪೋಲಿಯೊದಿಂದಲೇ ಎಂದು ದೃಢಪಟ್ಟಿತು. ಇಪ್ಪತ್ತೈದು ವರ್ಷಗಳಲ್ಲಿ ಅಲ್ಲಿ ಅದೇ ಮೊದಲ ಪ್ರಕರಣ. ಸೆಪ್ಟೆಂಬರ್ 1ರಿಂದ ಪ್ರದೇಶವಾರು, ದಿನದ ಕೆಲವು ಗಂಟೆಗಳ ಕಾಲ ಹೋರಾಟವನ್ನು ನಿಲ್ಲಿಸಲು ಎರಡೂ ಕಡೆಯವರು ಒಪ್ಪಿದ್ದರಿಂದ, ಎರಡು ವಾರವೂ ತುಂಬುವ ಮೊದಲೇ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಲಾಯಿತು. ಇಂತಹ ವಿರಾಮಕ್ಕೆ ಹಳೆಯ ಮೇಲ್ಪಂಕ್ತಿಯೂ ಇದೆ: 1985ರಲ್ಲಿ ಎಲ್ ಸಾಲ್ವಡಾರ್‌ನ ಅಂತರ್ಯುದ್ಧವನ್ನು ಮಕ್ಕಳ ಲಸಿಕೆಗಾಗಿಯೇ ಮೂರು ದಿನ ನಿಲ್ಲಿಸಲಾಗಿತ್ತು. ಕೆಲವು ಗಂಟೆಗಳ ವಿರಾಮವೂ ಇಷ್ಟು ಕೆಲಸ ಮಾಡಬಲ್ಲದು ಎಂಬುದು ಸಮಾಧಾನದ ಮಾತು. ಲಸಿಕೆಗೆ ಸಾಧ್ಯವಾದದ್ದು ಹಿಟ್ಟಿಗೂ ಇಂಧನಕ್ಕೂ ಏಕೆ ಸಾಧ್ಯವಾಗಲಿಲ್ಲ ಎಂಬ ಕಹಿ ಪ್ರಶ್ನೆ ಮಾತ್ರ ಉಳಿಯುತ್ತದೆ.

ಕ್ಷಾಮದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ತಜ್ಞರು ‘ಕ್ಷಾಮ’ ಎಂದು ಘೋಷಿಸುವುದು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರು ಹಸಿವಿನಿಂದ ಅಥವಾ ಹಸಿವು ತಂದ ರೋಗದಿಂದ ಸಾಯುವ ಮಟ್ಟ ಮುಟ್ಟಿದಾಗ. ಕೋಟಿ ಜನರಿರುವ ನಗರಕ್ಕೆ ಇದನ್ನು ಅನ್ವಯಿಸಿದರೆ ದಿನಕ್ಕೆ 2,000 ಸಾವು. 2024ರ ಆಗಸ್ಟ್‌ನಲ್ಲಿ ಸುಡಾನಿನ ಎಲ್ ಫಾಷರ್ ಸಮೀಪದ ಝಂಝಂ ಶಿಬಿರದಲ್ಲಿಯೂ, 2025ರ ಆಗಸ್ಟ್‌ನಲ್ಲಿ ಗಾಜಾ ನಗರವಿರುವ ಪ್ರಾಂತ್ಯದಲ್ಲಿಯೂ ಕ್ಷಾಮ ದೃಢಪಟ್ಟಿತು. ಅಂದರೆ ಆ ಘೋಷಣೆ ಮುನ್ನೆಚ್ಚರಿಕೆಯಲ್ಲ, ಆಗಿಹೋದ ಸಾವುಗಳ ಪ್ರಮಾಣಪತ್ರ. ಎಲ್ ಫಾಷರ್ ಎಂಬ ಹೆಸರು ಕೆಲವು ಓದುಗರಿಗೆ ನೆನಪಿರಬಹುದು: 2023ರ ಏಪ್ರಿಲ್‌ನಲ್ಲಿ ಯುದ್ಧ ಸಿಡಿದಾಗ, ಗಿಡಮೂಲಿಕೆ ಔಷಧ ಮಾರಲು ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರಲ್ಲಿ ಹಲವರು ಸಿಲುಕಿಕೊಂಡದ್ದು ಅದೇ ಊರಿನಲ್ಲಿ. ‘ಆಪರೇಷನ್ ಕಾವೇರಿ’ ನಮ್ಮವರನ್ನು ಕರೆತಂದಿತು. ಆ ಊರಿನವರಿಗೆ ಹೋಗಲು ಬೇರೆ ಊರಿರಲಿಲ್ಲ.

ಪ್ರಶ್ನೆ: ಮಾನವೀಯ ವಿರಾಮ, ಕದನ ವಿರಾಮ, ಶಾಂತಿ ಒಪ್ಪಂದ — ಇವುಗಳ ನಡುವಿನ ವ್ಯತ್ಯಾಸವೇನು? ಸಹಿ ಹಾಕಿದ ಕೆಲವೇ ದಿನಗಳಲ್ಲಿ ಕದನ ವಿರಾಮಗಳು ಮುರಿಯುವುದೇಕೆ? — ಪದವಿ ವಿದ್ಯಾರ್ಥಿನಿ, ರಾಜಾಜಿನಗರ

ಮಾನವೀಯ ವಿರಾಮವೆಂದರೆ ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ, ನೆರವು ಸಾಗಿಸಲಿಕ್ಕಷ್ಟೇ ಗುಂಡು ನಿಲ್ಲಿಸುವುದು. ಕದನ ವಿರಾಮವು ಹೋರಾಟವನ್ನೇ ಎಲ್ಲೆಡೆ ನಿಲ್ಲಿಸುತ್ತದೆ, ಆದರೆ ಜಗಳದ ಮೂಲವನ್ನು ಮುಟ್ಟುವುದಿಲ್ಲ. ಅದನ್ನು ಮುಟ್ಟುವುದು ಶಾಂತಿ ಒಪ್ಪಂದ. ಕೊರಿಯಾದಲ್ಲಿ 1953ರ ಜುಲೈ 27ರಂದು ಆದದ್ದು ಯುದ್ಧವಿರಾಮದ ಒಪ್ಪಂದ ಮಾತ್ರ. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ.

ಕದನ ವಿರಾಮ ಎಂಬುದನ್ನು ಒಂದು ಭಾವನೆಯೆಂದು ತಿಳಿಯುವುದೇ ನಾವು ಮಾಡುವ ದೊಡ್ಡ ತಪ್ಪು. ಅದು ಕರಾರುಪತ್ರ. ಯಾವ ಸೇನೆ ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಯಿಂದ, ಕೈದಿಗಳನ್ನೂ ಒತ್ತೆಯಾಳುಗಳನ್ನೂ ಯಾವ ಕ್ರಮದಲ್ಲಿ ಬಿಡಬೇಕು, ದಿನಕ್ಕೆ ಎಷ್ಟು ಲಾರಿ ನೆರವು ಒಳಗೆ ಬರಬೇಕು, ಉಲ್ಲಂಘನೆಯಾದರೆ ದೂರು ಕೇಳುವವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. ಕೊರಿಯಾದ ಮಾತುಕತೆ ಎರಡು ವರ್ಷ ಎಳೆದದ್ದು ಬಹುಪಾಲು ಯುದ್ಧಕೈದಿಗಳ ಪ್ರಶ್ನೆಯ ಮೇಲೆ. ಸ್ವದೇಶಕ್ಕೆ ಮರಳಲು ಒಪ್ಪದ 22,000ಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯನವರು. ಮುಂದೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನೇತೃತ್ವ ವಹಿಸಿದ್ದಾಗಲೇ, 1965ರಲ್ಲಿ, ಅವರು ತೀರಿಕೊಂಡರು. ಕಾವಲಿಗೆ ನಿಲ್ಲುವ ಮೂರನೆಯವರಿಲ್ಲದ ಕದನ ವಿರಾಮ ಎಷ್ಟು ದುರ್ಬಲ ಎಂಬುದಕ್ಕೆ ಸುಡಾನ್ ಸಾಕ್ಷಿ. 2023ರ ಮೇ ತಿಂಗಳಿನಲ್ಲಿ ಜೆಡ್ಡಾದಲ್ಲಿ ನಾಗರಿಕರ ರಕ್ಷಣೆಗೆ ಸೇನೆ ಮತ್ತು ಅರೆಸೇನಾ ಪಡೆ ಎಂಬ ಎರಡೂ ಬಣಗಳು ಸಹಿ ಹಾಕಿದವು. ಮಾತು ಕಾಗದದಲ್ಲೇ ಉಳಿಯಿತು.

ಬಾಳಿದ ಉದಾಹರಣೆಯೂ ಇದೆ. ಯೆಮೆನ್‌ನಲ್ಲಿ 2022ರ ಏಪ್ರಿಲ್ 2ರಂದು ಎರಡು ತಿಂಗಳ ವಿರಾಮ ಆರಂಭವಾದಾಗ, ಹೊದೈದಾ ಬಂದರಿಗೆ ಇಂಧನದ ಹಡಗುಗಳು ಬರಬೇಕು, ಸನಾ ನಗರದಿಂದ ವಿಮಾನಗಳು ಹಾರಬೇಕು ಎಂಬ ಷರತ್ತುಗಳೂ ಅದರಲ್ಲಿದ್ದವು. ಎರಡು ಬಾರಿ ವಿಸ್ತರಿಸಿದ ಅವಧಿ ಅಕ್ಟೋಬರ್‌ನಲ್ಲಿ ಮುಗಿದರೂ ಹಿಂದಿನ ಪ್ರಮಾಣದ ಕಾದಾಟ ಮರುಕಳಿಸಲಿಲ್ಲ. ಜನರಿಗೆ ದಿನನಿತ್ಯದ ಪ್ರಯೋಜನ ಕಂಡ ವಿರಾಮವನ್ನು ಮುರಿಯುವುದು ನಾಯಕರಿಗೂ ಕಷ್ಟವಾಗುತ್ತದೆಂಬುದು ನನ್ನ ಅಭಿಪ್ರಾಯ.

ನಮ್ಮ ಗಡಿಯಲ್ಲಿ 2025ರ ಮೇ 10ರಂದು ಭಾರತ ಮತ್ತು ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ದೂರವಾಣಿಯಲ್ಲಿ ಮಾತನಾಡಿ, ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸಲು ಒಪ್ಪಿದರು. ಅದಕ್ಕೂ ಮುಂಚಿನ ದಿನಗಳಲ್ಲಿ ಪೂಂಚ್‌ನ ಮನೆಗಳ ಮೇಲೆ ಬಿದ್ದ ಶೆಲ್‌ಗಳಿಗೆ ಬಲಿಯಾದವರಲ್ಲಿ ಮಕ್ಕಳೂ ಇದ್ದರು.

ಪ್ರಶ್ನೆ: ಹೋರಾಟಗಾರರು ಆಸ್ಪತ್ರೆಯಲ್ಲಿ ಅಡಗಿದರೆ ಅದರ ಮೇಲೆ ದಾಳಿ ಮಾಡುವುದು ನ್ಯಾಯಸಮ್ಮತವೇ? — ವಕೀಲರು, ವಿಜಯನಗರ

ಅಡಗುವುದೂ ಅಪರಾಧ, ಆದರೆ ಅದರಿಂದ ಎದುರು ಪಕ್ಷಕ್ಕೆ ಮುಕ್ತ ಪರವಾನಗಿ ಸಿಗುವುದಿಲ್ಲ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ ಪ್ರಕಾರ, ಆಸ್ಪತ್ರೆಯನ್ನು ಶತ್ರುವಿಗೆ ಹಾನಿ ಮಾಡುವ ಕೃತ್ಯಕ್ಕೆ ಬಳಸಿದಾಗ ಮಾತ್ರ ಅದರ ರಕ್ಷಣೆ ಹೋಗುತ್ತದೆ. ಆಗಲೂ ಮೊದಲು ಎಚ್ಚರಿಕೆ ನೀಡಿ, ಯುಕ್ತವಾದ ಕಾಲಾವಕಾಶ ಕೊಟ್ಟು, ಅದನ್ನು ಕಡೆಗಣಿಸಿದರಷ್ಟೇ ಮುಂದುವರಿಯಬೇಕು. ಅದಾದ ಮೇಲೂ ನಾಗರಿಕರಿಗಾಗುವ ಹಾನಿಯು ನಿರೀಕ್ಷಿತ ಸೈನಿಕ ಲಾಭಕ್ಕೆ ಹೋಲಿಸಿದರೆ ಮಿತಿಮೀರಿದ್ದಾಗಿರಬಾರದು. ಭಾರತವು ಈ ಒಪ್ಪಂದಗಳಿಗಾಗಿ 1960ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ಅವುಗಳಿಗೆ ಪೂರಕವಾದ 1977ರ ಹೆಚ್ಚುವರಿ ಪ್ರೋಟೋಕಾಲ್‌ಗಳನ್ನು ಮಾತ್ರ ಸೇರಿಲ್ಲ.

ಪ್ರಶ್ನೆ: ಫ್ರೀಡಂ ಪಾರ್ಕ್‌ನಲ್ಲಿ ‘ಕದನ ವಿರಾಮ ಬೇಕು’ ಎಂಬ ಫಲಕ ಹಿಡಿದು ನಿಂತಿದ್ದಕ್ಕೆ ನೀನು ಯಾರ ಪರ ಎಂದು ಸ್ನೇಹಿತರು ಜಗಳ ತೆಗೆದರು. ವಿಶ್ವಸಂಸ್ಥೆಯ ಮಾತನ್ನೇ ಕೇಳದವರು ನಮ್ಮ ಫಲಕವನ್ನು ನೋಡುತ್ತಾರೆಯೇ? — ಸಾಫ್ಟ್‌ವೇರ್ ಉದ್ಯೋಗಿ, ಬನಶಂಕರಿ

ಸ್ನೇಹಿತರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬೇಡಿ. ಕದನ ವಿರಾಮವು ಸೇನೆಗಳನ್ನು ನಿಂತಲ್ಲೇ ನಿಲ್ಲಿಸುವುದರಿಂದ, ಅತಿಕ್ರಮಿಸಿದವನಿಗೆ ಆ ನೆಲ ದಕ್ಕಿಬಿಡಬಹುದು ಎಂಬ ಉಕ್ರೇನಿಯನ್ನರ ಆತಂಕ ಸುಳ್ಳಲ್ಲ. ಹಾಗೆಯೇ ಒತ್ತೆಯಾಳುಗಳ ಬಿಡುಗಡೆಯನ್ನು ಕೇಳದ ಕರೆಯು ಒಂದು ಕಣ್ಣು ಮುಚ್ಚಿದ ಕರೆಯಾಗುತ್ತದೆ. ಇವೆರಡನ್ನೂ ಒಪ್ಪಿಕೊಂಡೇ, ನಾಗರಿಕರ ಜೀವವನ್ನು ನೆಲದ ಜಗಳ ತೀರುವವರೆಗೆ ಒತ್ತೆಯಿಡಬಾರದು ಎಂದು ವಾದಿಸಬಹುದು. ನಾನು ಆ ಪಕ್ಷದವನು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರ ತರಲು ಹೊರಗೆ ಹೋಗಿದ್ದಾಗ ಪ್ರಾಣ ಬಿಟ್ಟ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಯಾವ ಪಕ್ಷದವನಾಗಿದ್ದ?

ಭದ್ರತಾ ಮಂಡಳಿಯಲ್ಲಿ ನಿರ್ಣಯ ಗೆಲ್ಲಲು 15ರಲ್ಲಿ 9 ಮತಗಳು ಬೇಕು, ಜೊತೆಗೆ ಐದು ಕಾಯಂ ಸದಸ್ಯರಲ್ಲಿ ಯಾರೂ ವಿಟೊ, ಅಂದರೆ ನಿರ್ಣಯವನ್ನೇ ತಡೆಯುವ ಮತ, ಚಲಾಯಿಸಬಾರದು. ಗಾಜಾ ಕುರಿತ ಕರಡು ನಿರ್ಣಯಕ್ಕೆ 2023ರ ಡಿಸೆಂಬರ್ 8ರಂದು 13 ಮತಗಳಿದ್ದರೂ ಅಮೆರಿಕದ ವಿಟೊ ಅದನ್ನು ಕೆಡವಿತು; 2024ರ ನವೆಂಬರ್‌ನಲ್ಲಿ ಸುಡಾನ್ ಕುರಿತ ಕರಡನ್ನು ರಷ್ಯಾ ಕೆಡವಿತು. ಸಾಮಾನ್ಯ ಸಭೆಯಲ್ಲಿ ವಿಟೊ ಇಲ್ಲ, ಆದರೆ ಅದರ ನಿರ್ಣಯಗಳಿಗೆ ಬಂಧಕ ಶಕ್ತಿಯೂ ಇಲ್ಲ. ಅಲ್ಲಿ ಗಾಜಾ ವಿಷಯದಲ್ಲಿ ಭಾರತವು 2023ರ ಅಕ್ಟೋಬರ್‌ನಲ್ಲಿ ತಟಸ್ಥವಾಗಿ, ಅದೇ ಡಿಸೆಂಬರ್‌ನಲ್ಲಿಯೂ 2024ರ ಡಿಸೆಂಬರ್‌ನಲ್ಲಿಯೂ ಕದನ ವಿರಾಮದ ಪರ ಮತ ಹಾಕಿ, 2025ರ ಜೂನ್‌ನಲ್ಲಿ ಮತ್ತೆ ತಟಸ್ಥವಾಯಿತು. ತಮ್ಮ ಫಲಕವನ್ನು ಯುದ್ಧದಲ್ಲಿ ತೊಡಗಿದ ಸೇನಾಪತಿಗಳು ನೋಡಲಾರರು, ನಿಜ. ಆದರೆ ಈ ಮತಗಳನ್ನು ಹಾಕುವ ಸರ್ಕಾರವನ್ನು ಆರಿಸುವವರು ನಾವು. ತಮ್ಮ ಸಂಸದರಿಗೆ, ಆ ಜೂನ್‌ನ ಮತಕ್ಕೆ ಕಾರಣವೇನೆಂದು ಕೇಳಿ ಒಂದು ಪತ್ರ ಬರೆಯಿರಿ; ಫಲಕಕ್ಕಿಂತ ಅದಕ್ಕೆ ಉತ್ತರಿಸುವುದು ಅವರಿಗೆ ಹೆಚ್ಚು ಕಷ್ಟ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಬಟ್ಟೆ, ಹೊದಿಕೆ ಸಂಗ್ರಹಿಸಿ ಕಳಿಸಬೇಕೆಂದಿದ್ದೇವೆ. ಯಾರಿಗೆ ಕೊಡಬೇಕು? — ಸಂಘದ ಕಾರ್ಯದರ್ಶಿ, ವೈಟ್‌ಫೀಲ್ಡ್

ದಯವಿಟ್ಟು ಬಟ್ಟೆ ಬೇಡ. ಅದನ್ನು ವಿಂಗಡಿಸಿ, ಹಡಗಿಗೇರಿಸಿ, ಗಡಿಯ ತಪಾಸಣೆ ದಾಟಿಸುವ ಖರ್ಚು ಅದರ ಬೆಲೆಯನ್ನೇ ಮೀರುತ್ತದೆ. ಇನ್ನಿಲ್ಲದಂತೆ ಕಾದು ನಿಂತ ಲಾರಿಗಳ ಸಾಲಿನಲ್ಲಿ ಅದು ಹಿಟ್ಟಿನ ಮೂಟೆಯ ಜಾಗವನ್ನು ಕಬಳಿಸುತ್ತದೆ. ಯುನಿಸೆಫ್ ಹಾಗೂ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಗಳು ಭಾರತದಲ್ಲೇ ದೇಣಿಗೆ ಪಡೆಯುತ್ತವೆ, ಹಣ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಬರುವ ಗಾಯಗೊಂಡ ಮಗುವಿನ ಚಿತ್ರದ ಕೆಳಗಿರುವ ಯುಪಿಐ ಸಂಖ್ಯೆಗೆ ಮಾತ್ರ, ಚಿತ್ರ ಎಷ್ಟೇ ಕರುಳು ಹಿಂಡಿದರೂ, ಹಣ ಹಾಕಬೇಡಿ. ಸಂಗ್ರಹಿಸಿದ ಹೊದಿಕೆಗಳನ್ನು ಡಿಸೆಂಬರ್‌ಗೆ ಮುಂಚೆ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ತಲುಪಿಸಿ. ವೈಟ್‌ಫೀಲ್ಡ್‌ನಲ್ಲಿ ಅವುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.