ಹೊಸಬರ ಮೊದಲ ವಾರ ಇನ್‌ಸ್ಟಾಲ್ ಮಾಡುವುದರಲ್ಲೇ ಕಳೆಯಬೇಕೆ?

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹನ್ನೆರಡು ಜನರ ಸಣ್ಣ ಸಂಸ್ಥೆಯೊಂದರ ಡೆವಲಪರ್ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಕಬ್ಬು ಬೆಳೆಗಾರರ ಹೆಸರು, ಲೋಡಿನ ತೂಕ, ಕಟಾವು ತಂಡಗಳ ಕೂಲಿ ಇವುಗಳ ಲೆಕ್ಕವಿಡುವ ತಂತ್ರಾಂಶ ನಮ್ಮದು. ಪ್ರತಿ ವರ್ಷ ಮೈಸೂರು, ಮಂಡ್ಯದ ಕಾಲೇಜುಗಳಿಂದ ಮೂರು ನಾಲ್ಕು ಮಂದಿ ಹೊಸಬರು ಸೇರುತ್ತಾರೆ; ಅವರ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಓಡುವಂತಾಗಲು ಒಂದು ವಾರ ಹಿಡಿಯುತ್ತದೆ. ಹದಿನಾಲ್ಕು ಪುಟಗಳ ಸೂಚನೆ ಬರೆದಿಟ್ಟಿದ್ದೇವೆ. ಆದರೂ ಈ ಬಾರಿ ಒಬ್ಬಳಿಗೆ ‘ಗ್ರೂಪ್ಸ್’ ಎಂಬ ಟೇಬಲ್ ರಚಿಸುವಾಗ ಸಿಂಟ್ಯಾಕ್ಸ್ ತಪ್ಪೆಂದು ಬಂತು. ಇನ್ನೊಬ್ಬ ರೈತರ ಹೆಸರನ್ನು ಕನ್ನಡದಲ್ಲಿ ಸೇರಿಸಲು ಹೋದರೆ ಡೇಟಾಬೇಸ್ ಒಪ್ಪಲಿಲ್ಲ. ನಮ್ಮ ಯಂತ್ರಗಳಲ್ಲಿ ಎರಡೂ ಸರಿಯಾಗಿಯೇ ನಡೆಯುತ್ತವೆ. ತಪ್ಪು ಎಲ್ಲಿದೆ?
— ಓದುಗರು, ಹೆಬ್ಬಾಳ, ಮೈಸೂರು

ಉತ್ತರ: ತಪ್ಪು ಆ ಇಬ್ಬರದಲ್ಲ, ಹದಿನಾಲ್ಕು ಪುಟಗಳದ್ದು. ಅವುಗಳಲ್ಲಿ ‘ಮೈಎಸ್‌ಕ್ಯುಎಲ್ ಇನ್‌ಸ್ಟಾಲ್ ಮಾಡಿ’ ಎಂದಷ್ಟೇ ಇದ್ದು, ಯಾವ ಆವೃತ್ತಿ, ಯಾವ ಸೆಟ್ಟಿಂಗ್ ಎಂಬುದು ಇರಲಾರದು ಎಂದು ನನ್ನ ಊಹೆ. ಈ ಡೇಟಾಬೇಸ್ ತಂತ್ರಾಂಶದ, 2018ರಲ್ಲಿ ಬಳಕೆಗೆ ಬಂದ 8.0 ಆವೃತ್ತಿಯಲ್ಲಿ ‘ಗ್ರೂಪ್ಸ್’ ಎಂಬುದು ಕಾಯ್ದಿರಿಸಿದ ಪದ, ಅಂದರೆ ಡೇಟಾಬೇಸ್ ತನ್ನ ಆಜ್ಞೆಗಳಿಗೆಂದು ಇಟ್ಟುಕೊಂಡ ಪದವಾಯಿತು. ಉದ್ಧರಣ ಚಿಹ್ನೆಯಿಲ್ಲದೆ ಆ ಹೆಸರಿನ ಟೇಬಲ್ ಮಾಡಹೊರಟರೆ ಅದು ತಪ್ಪೆಂದೇ ಹೇಳುತ್ತದೆ. ನಿಮ್ಮ ಹಿರಿಯರ ಯಂತ್ರಗಳಲ್ಲಿ ಇನ್ನೂ 5.7 ಇರಬೇಕು. ಎರಡನೆಯ ಹುಡುಗ ಪ್ರಾಯಶಃ ಯಾರನ್ನೋ ಕೇಳಿಕೊಂಡು 5.7 ಅನ್ನೇ ಹಾಕಿಕೊಂಡಿದ್ದಾನೆ, ಆದರೆ ಹೊಸದಾಗಿ ಹಾಕಿದ 5.7ರ ಮೂಲ ಅಕ್ಷರ ಸಂಕೇತ ಲ್ಯಾಟಿನ್‌1. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ನಿಮ್ಮಲ್ಲಿ ಯಾರೋ ಎಂದೋ ಕಾನ್ಫಿಗ್ ಕಡತ ತೆರೆದು, ಕನ್ನಡಕ್ಕೂ ಜಾಗವಿರುವ ಯುಟಿಎಫ್8ಎಂಬಿ4 ಎಂದು ಬದಲಿಸಿ, ಮರೆತಿದ್ದಾರೆ. ಅದನ್ನು ಬಲ್ಲವರು ಕೆಲಸ ಬಿಟ್ಟಿದ್ದರೂ ಆಶ್ಚರ್ಯವಿಲ್ಲ. ಅಂದ ಹಾಗೆ 5.7ಕ್ಕೆ ಬೆಂಬಲ 2023ರ ಅಕ್ಟೋಬರಿಗೇ ಮುಗಿದಿದೆ. ಆ ಟೇಬಲ್ಲಿನ ಹೆಸರು ಬದಲಿಸುವ ಇಲ್ಲವೇ ಅದಕ್ಕೆ ಉದ್ಧರಣ ಚಿಹ್ನೆ ಹಾಕುವ ಕೆಲಸ ಇಂದಲ್ಲ ನಾಳೆ ನಿಮಗೆ ತಪ್ಪಿದ್ದಲ್ಲ.

ಮನುಷ್ಯರು ಓದಿ ಮಾಡಬೇಕಾದ ಸೂಚನೆ ಬರೆದ ಮರುದಿನದಿಂದಲೇ ಹಳತಾಗತೊಡಗುತ್ತದೆ, ಏಕೆಂದರೆ ಅದು ಹಳತಾಗಿದೆಯೆಂದು ತಿಳಿಯುವುದು ವರ್ಷಕ್ಕೊಮ್ಮೆ, ಹೊಸಬರು ಬಂದಾಗ ಮಾತ್ರ. ಆದ್ದರಿಂದ ಆ ಪುಟಗಳನ್ನು ತಿದ್ದಲು ಕೂರಬೇಡಿ; ಅವುಗಳಲ್ಲಿರುವುದನ್ನು ಯಂತ್ರವೇ ಓದಿ ನಡೆಸುವ ಒಂದು ಸ್ಕ್ರಿಪ್ಟ್ ಆಗಿ ಬರೆದು ಕೋಡಿನ ಜೊತೆಗೇ, ಅದರ ಬದಲಾವಣೆಗಳ ದಾಖಲೆಯಿಡುವ ಗಿಟ್‌ನಲ್ಲಿ ಇಡಿ. ಸ್ಕ್ರಿಪ್ಟ್ ಮೊದಲು ನೋಡ್ (ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ತಂತ್ರಾಂಶ) ಮತ್ತು ಮೈಎಸ್‌ಕ್ಯುಎಲ್ ಆವೃತ್ತಿಗಳನ್ನು ಪರೀಕ್ಷಿಸಲಿ. ಹೊಂದದಿದ್ದರೆ ‘ನಿಮ್ಮಲ್ಲಿ ಇರುವುದು ಇದು, ಬೇಕಾದದ್ದು ಅದು’ ಎಂದು ತಿಳಿಯಾದ ಮಾತಿನಲ್ಲಿ ಹೇಳಿ ಅಲ್ಲೇ ನಿಲ್ಲಲಿ. ಬಳಿಕ ಡೇಟಾಬೇಸನ್ನು ಅಕ್ಷರ ಸಂಕೇತದ ಸಮೇತ ರಚಿಸಲಿ, ಟೇಬಲ್ಲುಗಳನ್ನು ಕಟ್ಟಲಿ, ಕೊನೆಗೆ ಟೆಸ್ಟುಗಳನ್ನು ಓಡಿಸಲಿ. ಎರಡನೆಯ ಬಾರಿ ಓಡಿಸಿದರೂ ಏನೂ ಕೆಡದಂತೆ ಅದನ್ನು ಬರೆಯಬೇಕು, ಏಕೆಂದರೆ ಹೊಸಬರು ಅನುಮಾನ ಬಂದಾಗಲೆಲ್ಲ ಮತ್ತೊಮ್ಮೆ ಓಡಿಸಿಯೇ ಓಡಿಸುತ್ತಾರೆ. ಇದಕ್ಕೆ ಹೊಸ ಸಾಧನವೇನೂ ಬೇಕಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಹುಟ್ಟಿದ ‘ಮೇಕ್’ ಇಂದಿಗೂ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಲೈಬ್ರರಿಗಳ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ, ವಿಷಯ ಬೇರೆ. ಬೇಕಾದ ಲೈಬ್ರರಿಗಳನ್ನು ಪಟ್ಟಿ ಮಾಡುವ ನಿಮ್ಮ ಪ್ಯಾಕೇಜ್ ಕಡತದಲ್ಲಿ ಆವೃತ್ತಿ ಸಂಖ್ಯೆಯ ಮೊದಲಿಗೆ ಟೋಪಿಯಂಥ ಚಿಹ್ನೆಯೊಂದು ಇರುತ್ತದೆ, ಅದನ್ನು ಕ್ಯಾರೆಟ್ ಎನ್ನುತ್ತಾರೆ. ಕ್ಯಾರೆಟ್ ಹಾಕಿ 4.17.1 ಎಂದು ಬರೆದರೆ, 5.0.0ಕ್ಕಿಂತ ಕೆಳಗಿನ ಯಾವುದೇ ಹೊಸ ಆವೃತ್ತಿ ಬಂದರೂ ಆದೀತು ಎಂದರ್ಥ. ಜೂನ್‌ನಲ್ಲಿ ಸೇರಿದವಳಿಗೆ ಒಂದು, ಆಗಸ್ಟ್‌ನಲ್ಲಿ ಸೇರಿದವನಿಗೆ ಇನ್ನೊಂದು. ನಿಮ್ಮ ವ್ಯವಹಾರದ ಮಾತಿನಲ್ಲೇ ಹೇಳುವುದಾದರೆ, ‘ಗಾಡಿಯಲ್ಲಿ ಹೆಚ್ಚುಕಡಿಮೆ ಹತ್ತು ಟನ್ ಕಬ್ಬಿದೆ’ ಎಂಬ ರೈತನ ಅಂದಾಜು ಪ್ಯಾಕೇಜ್ ಕಡತ. ತುಂಬಿದ ಗಾಡಿಯನ್ನೂ ಖಾಲಿ ಗಾಡಿಯನ್ನೂ ತೂಗಿ ಕೊಟ್ಟ ಚೀಟಿ ಲಾಕ್ ಕಡತ. ಯಾವ ಲೈಬ್ರರಿ, ಅದು ನೆಚ್ಚಿಕೊಂಡ ಇನ್ಯಾವ ಲೈಬ್ರರಿ, ಎಲ್ಲದರ ನಿಖರ ಆವೃತ್ತಿಯೂ ಅದರೊಳಗಿನ ಒಂದು ಅಕ್ಷರ ಬದಲಾದರೂ ಹಿಡಿದುಕೊಡುವ ಹ್ಯಾಷ್ ಕೂಡ ಅದರಲ್ಲಿರುತ್ತವೆ. ನೋಡ್‌ಗೆ ಲೈಬ್ರರಿಗಳನ್ನು ತಂದುಕೊಡುವ ಎನ್‌ಪಿಎಂನಲ್ಲಿ 2017ರಿಂದ ಈ ಕಡತ ತಾನಾಗಿಯೇ ರಚನೆಯಾಗುತ್ತದೆ. ಎಷ್ಟೋ ತಂಡಗಳು ಅದನ್ನು ಕಸವೆಂದು ತಿಳಿದು ಗಿಟ್‌ನಿಂದ ಹೊರಗಿಟ್ಟಿರುವುದನ್ನು ಕಂಡಿದ್ದೇನೆ; ನಿಮ್ಮಲ್ಲೂ ಹಾಗಿದ್ದರೆ ಇಂದೇ ಒಳಗೆ ಸೇರಿಸಿ. ಹೊಸಬರು ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡಿಸಲಿ. ಅದು ಚೀಟಿಯಲ್ಲಿದ್ದುದನ್ನಷ್ಟೇ ತರುತ್ತದೆ, ಚೀಟಿಗೂ ಪ್ಯಾಕೇಜ್ ಕಡತಕ್ಕೂ ತಾಳೆಯಾಗದಿದ್ದರೆ ಮುಂದುವರಿಯುವುದಿಲ್ಲ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಹೊಸಬರಿಗೆ ಪರೀಕ್ಷೆಗೆಂದು ಯಾವ ಡೇಟಾ ಕೊಡುತ್ತಿದ್ದೀರಿ? ನಾನು ಮೊದಲು ಸೇರಿದ ಸಂಸ್ಥೆಯಲ್ಲಿ ಹಿರಿಯರೊಬ್ಬರು ಸೆಟಪ್ ಎಂದು ಕೈಗಿತ್ತದ್ದು ಒಂದು ಪೆನ್ ಡ್ರೈವ್. ಅದರಲ್ಲಿ ಗ್ರಾಹಕರ ಇಡೀ ಡೇಟಾಬೇಸ್, ಫೋನ್ ನಂಬರುಗಳ ಸಮೇತ, ಇತ್ತು. ಅದು ಎರಡು ವಾರ ನನ್ನ ಅಂಗಿಯ ಜೇಬಿನಲ್ಲಿ ಊರೆಲ್ಲ ಸುತ್ತಿತು. ನಿಮ್ಮಲ್ಲಿ ರೈತರ ಬ್ಯಾಂಕ್ ಖಾತೆಗಳ ವಿವರವೂ ಇರಬಹುದು. ಐವತ್ತು ಕಲ್ಪಿತ ರೈತರು, ಇನ್ನೂರು ಕಲ್ಪಿತ ಲೋಡುಗಳು ಸಾಕು, ಅವನ್ನು ಸ್ಕ್ರಿಪ್ಟೇ ತುಂಬಲಿ. ಅವುಗಳಲ್ಲಿ ಒತ್ತಕ್ಷರವಿರುವ ಉದ್ದನೆಯ ಹೆಸರುಗಳು ಕೆಲವು ಇರಲಿ. ಅಕ್ಷರ ಸಂಕೇತದ ತೊಂದರೆ ಮೊದಲ ಐದು ನಿಮಿಷದಲ್ಲೇ ಬಯಲಾಗುತ್ತದೆ. ಪಾಸ್‌ವರ್ಡ್ ಮುಂತಾದವುಗಳಿಗೆ ಖಾಲಿ ಬಿಟ್ಟ ಮಾದರಿ ‘ಎನ್ವ್’ ಕಡತವನ್ನು ಗಿಟ್‌ನಲ್ಲಿಡಿ, ಅಸಲಿಯನ್ನು ಎಂದಿಗೂ ಇಡಬೇಡಿ.

ಈ ಸ್ಕ್ರಿಪ್ಟೂ ಹಳತಾಗುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಆಗುತ್ತದೆ. ಅದಕ್ಕಾಗಿ, ಕೋಡನ್ನು ತಾನಾಗಿಯೇ ಪರೀಕ್ಷಿಸುವ ಸಿಐ ಸರ್ವರಿನಲ್ಲಿ ಪ್ರತಿ ರಾತ್ರಿ, ಏನೂ ಇನ್‌ಸ್ಟಾಲ್ ಆಗದ ಖಾಲಿ ಯಂತ್ರದ ಮೇಲೆ, ಇದನ್ನೇ ಓಡಿಸಿ. ಯಾವ ಬದಲಾವಣೆಯಿಂದ ಕೆಟ್ಟಿತೆಂದು ಬೆಳಿಗ್ಗೆ ತಿಳಿಯುತ್ತದೆ, ಆ ಬದಲಾವಣೆ ಮಾಡಿದವರೂ ಎದುರಿಗೇ ಇರುತ್ತಾರೆ. ಮುಂದಿನ ವರ್ಷ ಬರುವ ಮೊದಲ ಹೊಸಬರ ಪಕ್ಕದಲ್ಲಿ ನೀವು ಸುಮ್ಮನೆ ಕುಳಿತು, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ಬರೆದುಕೊಳ್ಳಿ. ಬಾಯಿ ಬಿಟ್ಟು ಹೇಳಿಕೊಡಬೇಕಾಗಿ ಬಂದ ಪ್ರತಿಯೊಂದು ಮಾತೂ ಸ್ಕ್ರಿಪ್ಟಿನಲ್ಲಿ ಬಿಟ್ಟುಹೋದ ಒಂದು ಸಾಲು. ಅದನ್ನು ಸೇರಿಸುವ ಕೆಲಸ ಆ ಹೊಸಬರದ್ದೇ ಆಗಲಿ.

ಪ್ರಶ್ನೆ: ನಾನು ಮಂಡ್ಯದಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿನಿ. ನಮ್ಮ ಪ್ರಾಜೆಕ್ಟ್ ತಂಡದ ನಾಲ್ವರಲ್ಲಿ ಮೂವರು ಎಲ್ಲಕ್ಕೂ ಡಾಕರ್ ಬಳಸೋಣ ಎನ್ನುತ್ತಿದ್ದಾರೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಇರುವುದು 4 ಜಿಬಿ ರ‍್ಯಾಮ್. ಒಪ್ಪಿಕೊಳ್ಳಲೇ?
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ತಂತ್ರಾಂಶವನ್ನು ಬೇಕಾದುದೆಲ್ಲದರ ಸಮೇತ ಕಂಟೇನರ್ ಎಂಬ ಪೆಟ್ಟಿಗೆಯಲ್ಲಿಟ್ಟು ಓಡಿಸುವ, 2013ರಲ್ಲಿ ಬಂದ ಡಾಕರ್, ಆವೃತ್ತಿಗಳ ಜಗಳವನ್ನು ಬಹುಮಟ್ಟಿಗೆ ತೀರಿಸಿತು ಎಂಬುದು ನಿಜ. ಆದರೆ ಕಂಟೇನರ್ ಹಗುರವೆಂಬ ಮಾತು ಲಿನಕ್ಸಿಗೆ ಸಲ್ಲುವಂಥದು. ಅಲ್ಲಿ ಅದು ಯಂತ್ರದ ಕರ್ನಲನ್ನೇ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನೇ, ಹಂಚಿಕೊಳ್ಳುತ್ತದೆ. ವಿಂಡೋಸಿನಲ್ಲಿ ಲಿನಕ್ಸ್ ಕಂಟೇನರ್ ನಡೆಸಲು ಒಳಗೊಳಗೇ ಒಂದು ವರ್ಚುವಲ್ ಯಂತ್ರ ಓಡುತ್ತಿರಬೇಕು. 4 ಜಿಬಿಯಲ್ಲಿ ವಿಂಡೋಸ್, ಬ್ರೌಸರ್, ಎಡಿಟರ್ ಜೊತೆಗೆ ಅದೂ ಸೇರಿದರೆ ನೀವು ಕೋಡ್ ಬರೆಯುವುದಕ್ಕಿಂತ ಕಾಯುವುದೇ ಹೆಚ್ಚಾದೀತು.

ನಿಮ್ಮ ಪ್ರಾಜೆಕ್ಟ್ ಪೈಥಾನಿನಲ್ಲಿದ್ದರೆ, 3.3 ಆವೃತ್ತಿಯಿಂದಲೇ ಅದರೊಂದಿಗೆ ಬರುವ, ಪ್ರಾಜೆಕ್ಟಿನ ಲೈಬ್ರರಿಗಳಿಗೆ ಪ್ರತ್ಯೇಕ ಜಾಗ ಮಾಡಿಕೊಡುವ ‘ವೆನ್ವ್’ ಮತ್ತು ಆವೃತ್ತಿಗಳನ್ನು ಖಚಿತವಾಗಿ ಬರೆದ ರಿಕ್ವೈರ್‌ಮೆಂಟ್ಸ್ ಕಡತ ನಾಲ್ವರಿಗೆ ಧಾರಾಳವಾಗಿ ಸಾಕು. ಪೈಥಾನಿನ ಆವೃತ್ತಿಯೂ ನಾಲ್ವರದು ಒಂದೇ ಇರಲಿ. ವೆನ್ವ್ ಅದನ್ನು ಬದಲಿಸಿಕೊಡುವುದಿಲ್ಲ. ಗೆಳೆಯರು ಡಾಕರ್ ಬಿಡಲೊಲ್ಲೆವೆಂದರೆ ಡೇಟಾಬೇಸಿಗಷ್ಟೇ ಬಳಸಲಿ, ನೀವು ಅದೇ ಆವೃತ್ತಿಯನ್ನು ನೇರವಾಗಿ ಇನ್‌ಸ್ಟಾಲ್ ಮಾಡಿಕೊಳ್ಳಿ. ಅವರ ಡಾಕರ್ ಕಡತದಲ್ಲಿ ಇಮೇಜಿನ (ಕಂಟೇನರ್ ತಯಾರಾಗುವ ಅಚ್ಚು) ಹೆಸರಿನ ಕೊನೆಗೆ ‘ಲೇಟೆಸ್ಟ್’ ಎಂದಿದ್ದರೆ ಮಾತ್ರ ಅಳಿಸಿ ಸಂಖ್ಯೆ ಹಾಕಿಸಿ. ಲೇಟೆಸ್ಟ್ ಎಂಬುದು ಆವೃತ್ತಿಯಲ್ಲ, ಇಮೇಜ್ ತಯಾರಿಸುವವರು ಇಂದೊಂದಕ್ಕೆ ನಾಳೆ ಇನ್ನೊಂದಕ್ಕೆ ಅಂಟಿಸಬಹುದಾದ ಚೀಟಿ.

ಪ್ರಶ್ನೆ: ಉಬುಂಟುವಿನಲ್ಲಿ ನಾನು ಬರೆದ ಸೆಟಪ್ ಸ್ಕ್ರಿಪ್ಟ್ ನನಗೆ ಸರಿಯಾಗಿ ಓಡುತ್ತದೆ. ವಿಂಡೋಸಿನಿಂದ ತೆಗೆದುಕೊಂಡು ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸಿನೊಳಗೆ ನಡೆಯುವ ಲಿನಕ್ಸ್) ಓಡಿಸುವ ಸಹೋದ್ಯೋಗಿಗೆ ಮಾತ್ರ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದೂ ಸ್ಕ್ರಿಪ್ಟನ್ನು ಓಡಿಸುವ ಬ್ಯಾಷ್ ಹೆಸರಿನ ಕೊನೆಗೆ ‘ಟೋಪಿ ಎಂ’ ಎಂದೂ ಬರುತ್ತದೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಆ ‘ಟೋಪಿ ಎಂ’ ಎಂಬುದು ಕಣ್ಣಿಗೆ ಕಾಣದ ಒಂದು ಅಕ್ಷರ. ಲಿನಕ್ಸ್ ಸಾಲಿನ ಕೊನೆಗೆ ಒಂದು ಗುರುತು ಹಾಕಿದರೆ ವಿಂಡೋಸ್ ಎರಡು ಹಾಕುತ್ತದೆ. ವಿಂಡೋಸಿನ ಗಿಟ್ ಕಡತವನ್ನು ಇಳಿಸುವಾಗ ಆ ಹೆಚ್ಚಿನ ಗುರುತನ್ನು ಸೇರಿಸಿದೆ, ಲಿನಕ್ಸ್ ಅದನ್ನೂ ಹೆಸರಿನ ಭಾಗವೆಂದು ತಿಳಿದು ಇಲ್ಲದ ಬ್ಯಾಷನ್ನು ಹುಡುಕುತ್ತಿದೆ. ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲಿ ‘ಗಿಟ್‌ಆಟ್ರಿಬ್ಯೂಟ್ಸ್’ ಕಡತವೊಂದನ್ನು ಮಾಡಿ, ಎಲ್ಲ ಎಸ್‌ಎಚ್ ಕಡತಗಳಿಗೂ ‘ಇಒಎಲ್’ ಬೆಲೆ ‘ಎಲ್‌ಎಫ್’ ಎಂದು ಒಂದೇ ಸಾಲು ಬರೆದು ಕಮಿಟ್ ಮಾಡಿ. ಸಹೋದ್ಯೋಗಿ ಅದನ್ನು ಪಡೆದುಕೊಂಡ ಮೇಲೆ ಹಳೆಯ ಸ್ಕ್ರಿಪ್ಟನ್ನು ಅಳಿಸಿ ಗಿಟ್‌ನಿಂದ ಮತ್ತೆ ಇಳಿಸಿಕೊಳ್ಳಬೇಕು, ಇಲ್ಲವಾದರೆ ಡಿಸ್ಕಿನಲ್ಲಿರುವ ಪ್ರತಿ ಹಾಗೆಯೇ ಉಳಿದಿರುತ್ತದೆ.