ಅಕ್ವೇರಿಯಂ ನೀರು ಹಸಿರಾಗಾಕತ್ತಿದ್ರ ಮೊದ್ಲು ಬಕೆಟ್ ಕೆಳಗ ಇಡ್ರಿ

ಅಕ್ಕಾರ, ನಿಮ್ಮ ಫೋಟೋ ನೋಡಿದ್ನಿ. ಎರಡು ಫೂಟಿನ ಟ್ಯಾಂಕು, ನಾಲ್ಕು ಗೋಲ್ಡ್‌ಫಿಶ್, ಮೂಡಣ ಕಿಟಕಿ ಬಾಜೂಕ ಇಟ್ಟೀರಿ, ವಾರಕ್ಕೊಮ್ಮೆ ಪೂರಾ ನೀರು ಚೆಲ್ಲಿ ಹಳ್ಳು, ಫಿಲ್ಟರಿನ ಸ್ಪಂಜು ಎಲ್ಲಾ ನಳದ ಕೆಳಗ ತಿಕ್ಕಿ ತೊಳದು ಹೊಸಾ ನೀರು ತುಂಬ್ತೀರಿ, ಆದ್ರೂ ಮೂರ್ನಾಲ್ಕು ದಿನದಾಗ ಮತ್ತ ಹಸಿರಾಗ್ತೈತಿ. ಈಗ ಅಂಗಡ್ಯಾಂವ ನೀಲಿ ಔಷಧ ಕೊಟ್ಟಾನ, ಹಾಕ್ಲೋ ಬ್ಯಾಡೋ ಅಂತ ಕೇಳೀರಿ. ಹಾಕಬ್ಯಾಡ್ರಿ. ಅದು ಮಿಥಿಲೀನ್ ಬ್ಲೂ ಇದ್ದಂಗ ಕಾಣ್ತೈತಿ, ಫಂಗಸ್ ಆದ ಮೀನಿಗೆ ಬ್ಯಾರೆ ಡಬ್ಬ್ಯಾಗ ಇಟ್ಟು ಹಾಕೋದು. ಪಾಚಿಗೆ ಅದರಿಂದ ಏನೂ ಉಪಯೋಗಿಲ್ಲ, ಮ್ಯಾಲ ಫಿಲ್ಟರಿನ ಒಳ್ಳೇ ಬ್ಯಾಕ್ಟೀರಿಯಾ ಸಾಯ್ತಾವ, ಗಾಜಿನ ಸಿಲಿಕಾನ್ ಅಂಟೂ ನೀಲಿ ಆಗಿ ಕುಂದರ್ತೈತಿ.

ಒಂದು ಗಾಜಿನ ಗ್ಲಾಸಿನಾಗ ಟ್ಯಾಂಕಿನ ನೀರು ತಗೊಂಡು ಬಿಳಿ ಹಾಳಿ ಮುಂದ ಹಿಡೀರಿ. ಹಸಿರು ಕಂಡ್ರ ನಾ ಹೇಳೋದು ನಿಮಗ ಹೊಂದ್ತೈತಿ. ಹಾಲು ಬೆರಸಿದಂಗ ಬೆಳ್ಳಗ ಮಬ್ಬು ಇದ್ರ ಅದು ಬ್ಯಾಕ್ಟೀರಿಯಾ, ಕೈ ಹಚ್ಚಬ್ಯಾಡ್ರಿ, ತಾನ ಕಡಿಮಿ ಆಗ್ತೈತಿ. ನಿಮ್ಮ ಫೋಟೋದಾಗ ಹಿಂದಿನ ಮೀನ ಕಾಣವಲ್ವು, ಅಷ್ಟು ಹಸಿರು ಐತಿ, ಹಂಗಾಗಿ ಅನುಮಾನ ಏನಿಲ್ಲ.

ಈ ಹಸಿರು ಅಂದ್ರ ನೀರಿನಾಗ ತೇಲೋ ಪಾಚಿ, ಕ್ಲೋರೆಲ್ಲಾದಂಥಾವು, ಒಂದೊಂದಕ್ಕೂ ಒಂದ ಜೀವಕೋಶ. ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಅಂದ್ರ ಒಂದು ಮೈಕ್ರಾನ್) ಅಷ್ಟ ಇರ್ತಾವ, ನಿಮ್ಮ ಸ್ಪಂಜಿನಾಗಿಂದ ಆರಾಮ ಪಾರಾಗಿ ಹೋಗ್ತಾವ. ಬಿಸಲು, ಗೊಬ್ಬರ ಎರಡೂ ಸಿಕ್ರ ಒಂದ ದಿನದಾಗ ಒಂದಿದ್ದದ್ದು ಎರಡು ಆಗ್ತಾವ. ಈಗ ಲೆಕ್ಕಾ ಹಾಕ್ರಿ, ನೀವು ನೂರಕ್ಕ ತೊಂಬತ್ತು ಪಾಲು ನೀರು ಚೆಲ್ಲಿದ್ರೂ ಹತ್ತು ಪಾಲು ಪಾಚಿ ಒಳಗ ಉಳೀತು, ಮರುದಿನ ಇಪ್ಪತ್ತು, ಆಮ್ಯಾಲ ನಲವತ್ತು, ಎಂಬತ್ತು, ನಾಲ್ಕನೇ ದಿನಕ್ಕ ಮೊದ್ಲಿನಷ್ಟ. ನೀವು ಹೇಳೋ ಮೂರ್ನಾಲ್ಕು ದಿನದ ಲೆಕ್ಕ ಇದ ನೋಡ್ರಿ. ಪೂರಾ ಚೆಲ್ಲೀನಿ ಅಂದ್ರೂ ಹಳ್ಳಿನಾಗ, ಪೈಪಿನಾಗ, ಗಾಜಿನ ಮೂಲ್ಯಾಗ ಉಳದ ಇರ್ತೈತಿ. ಅದಕ್ಕ ನೀರು ಬದ್ಲಿ ಮಾಡಿ ಇದನ್ನ ಗೆಲ್ಲಾಕ ಆಗಂಗಿಲ್ಲ, ನಳ ನಾಲ್ಕೈದು ದಿನಕ್ಕೊಮ್ಮೆ ಬರೋ ನಮ್ಮೂರಾಗಂತೂ ಆ ದಾರೀನ ಬ್ಯಾಡ.

ಅದಕ್ಕಿಂತ ದೊಡ್ಡ ತೊಂದ್ರಿ ಇರೋದು ತೊಳಿಯೋದ್ರಾಗ. ಮೀನಿನ ಹೇಲು, ಉಳದ ಕಾಳು ಕೊಳತು ಅಮೋನಿಯಾ ಆಗ್ತೈತಿ, ಅದನ್ನ ನೈಟ್ರೈಟ್ ಮಾಡಿ, ಆಮ್ಯಾಲ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ನೀರಿನಾಗ ಕಡಿಮಿ, ಹಳ್ಳು, ಸ್ಪಂಜಿನಾಗ ಜಾಸ್ತಿ ಇರ್ತಾವ. ನಮ್ಮ ಹುಬ್ಬಳ್ಳಿ ಧಾರವಾಡಕ್ಕ ಮಲಪ್ರಭಾದ ನೀರು ಬರ್ತೈತಿ, ನವಿಲುತೀರ್ಥದ ಡ್ಯಾಮಿಂದ, ಶುದ್ಧ ಮಾಡಿ ಕ್ಲೋರಿನ್ ಹಾಕೇ ಬಿಡ್ತಾರ. ಆ ನೀರಿನಾಗ ಸ್ಪಂಜು ತಿಕ್ಕಿದ್ರ ಬ್ಯಾಕ್ಟೀರಿಯಾ ಹೋತು, ಅಮೋನಿಯಾ ಏರ್ತು, ಅದು ಮೀನಿಗೆ ವಿಷ, ಪಾಚಿಗೆ ಹಬ್ಬ. ಅಂದ್ರ ನೀವು ವಾರಾ ವಾರಾ ಟ್ಯಾಂಕನ್ನ ಹೊಸಾ ಟ್ಯಾಂಕ್ ಮಾಡಾಕತ್ತೀರಿ, ಹೊಸಾ ಟ್ಯಾಂಕಿನಾಗ ನೀರು ಹಸಿರಾಗೋದು ಭಾಳ ಸಾಮಾನ್ಯ.

ಇನ್ನ ಬೆಳಕು. ಮಾಳಿಗಿ ಮ್ಯಾಲಿನ ಕರಿ ಸಿಂಟೆಕ್ಸ್‌ನಾಗ ವಾರಗಟ್ಲೆ ನೀರು ನಿಂತಿರ್ತೈತಿ, ಹಸಿರಾಗಂಗಿಲ್ಲ, ಅದ ನೀರು ಹಿತ್ತಲದಾಗಿನ ಮುಚ್ಚಳ ಇಲ್ಲದ ತೊಟ್ಟ್ಯಾಗ ಇಟ್ರ ಪಾಚಿ ಕಟ್ತೈತಿ. ನೀರು ಒಂದ, ಫರಕು ಬಿಸಲಿಂದು. ನಿಮ್ಮ ಕಿಟಕ್ಯಾಗ ಮುಂಜಾನೆ ಬಿಸಲು ನೇರ ಟ್ಯಾಂಕಿಗೆ ಬೀಳ್ತೈತಿ, ಅದರ ಮ್ಯಾಲ ರಾತ್ರಿ ಹನ್ನೊಂದರ ತನಕ ಟ್ಯೂಬ್ ಬ್ಯಾರೆ. ನೀವು ಎಷ್ಟು ಔಷಧ ಹಾಕಿದ್ರೂ ಆ ಕಿಟಕಿ ಇರೂತನ ಮತ್ತ ಬರೋದ.

ಹಂಗಾರ ಮಾಡೋದು ಏನು ಅಂದ್ರ, ಮೂರ್ನಾಲ್ಕು ದಿನ ಪೂರಾ ಕತ್ತಲ. ಮೊದ್ಲ ದಿನ ಮೂರರಾಗ ಒಂದು ಪಾಲು ನೀರು ಬದ್ಲಿ ಮಾಡ್ರಿ, ಲೈಟ್ ಪ್ಲಗ್ ಕಿತ್ತಿಡ್ರಿ, ದಪ್ಪನ ಚಾದರ ಇಲ್ಲಾ ಕೌದಿ ನಾಲ್ಕೂ ಕಡೆ ಮತ್ತ ಮ್ಯಾಲನೂ ಹೊಚ್ಚಿ ಎಲ್ಲೂ ಬೆಳಕು ಬರೋ ಸಂದಿ ಬಿಡಬ್ಯಾಡ್ರಿ, ಗಾಳಿ ಆಡಾಕ ಮ್ಯಾಲ ಸಡ್ಲ ಇರ್ಲಿ ಅಷ್ಟ. ಕಾಳು ಹಾಕಬ್ಯಾಡ್ರಿ. ಅಯ್ಯೋ ಮೀನ ಉಪಾಸ ಅಂತ ಮನಿಯಾಗ ಗದ್ಲ ಮಾಡ್ತಾರ, ಆರೋಗ್ಯ ಇದ್ದ ದೊಡ್ಡ ಗೋಲ್ಡ್‌ಫಿಶ್ ನಾಲ್ಕು ದಿನ ತಿನ್ನದಿದ್ರ ಏನೂ ಆಗಂಗಿಲ್ಲ. ಹುಡ್ರು ಚಾದರ ಎತ್ತಿ ಎತ್ತಿ ನೋಡದಂಗ ನೋಡ್ಕೋರಿ. ಏರ್ ಪಂಪ್ ಮಾತ್ರ ಒಂದು ನಿಮಿಷಾನೂ ನಿಲ್ಲಬಾರ್ದು, ಯಾಕಂದ್ರ ಕತ್ತಲದಾಗ ಪಾಚಿ ಆಕ್ಸಿಜನ್ ಕೊಡಂಗಿಲ್ಲ, ತಗೋತೈತಿ, ಸತ್ತು ಕೊಳಿಯುವಾಗ ಇನ್ನೂ ಜಾಸ್ತಿ ತಗೋತೈತಿ, ಅದ್ರಾಗ ಈಗ ಬ್ಯಾಸಗಿ, ಬಿಸಿ ನೀರಿನಾಗ ಆಕ್ಸಿಜನ್ನ ಕಡಿಮಿ ನಿಲ್ಲೋದು. ಕರೆಂಟ್ ಹೋಗೋ ಓಣಿ ಆದ್ರ ಸೆಲ್ ಹಾಕೋ ಸಣ್ಣ ಪಂಪ್ ಒಂದು ತಂದಿಡ್ರಿ, ಭಾಳ ತುಟ್ಟಿ ಇಲ್ಲ. ಮೀನ ಮ್ಯಾಲ ಬಂದು ಬಾಯಿ ತಕ್ಕೊಂಡು ಗುಟುಕು ಗುಟುಕು ಮಾಡಾಕತ್ತಿದ್ರ ಕೂಡ್ಲೆ ಚಾದರ ತೆಗದು ನೀರು ಬದ್ಲಿ ಮಾಡ್ರಿ.

ಚಾದರ ತೆಗದ ದಿನ ಅರ್ಧಾ ನೀರು ಬದ್ಲಿ ಮಾಡಬೇಕು, ಸತ್ತ ಪಾಚಿ ಒಳಗ ಬಿಟ್ರ ಅದ ಮತ್ತ ಅಮೋನಿಯಾ, ಇದನ್ನ ಭಾಳ ಮಂದಿ ಬಿಟ್ಟ ಬಿಡ್ತಾರ. ಹೊಸಾ ನೀರು ಒಂದು ದಿನ ಮೊದ್ಲ ಬಾಯಿ ತೆರದ ಬಕೆಟ್‌ನಾಗ ಹಿಡದಿಡ್ರಿ, ಇಲ್ಲಾ ಆಂಟಿ ಕ್ಲೋರಿನ್ ಹನಿ ಬಾಟ್ಲಿ ಮ್ಯಾಲ ಬರದಷ್ಟ ಹಾಕ್ರಿ. ಮಧ್ಯಾಹ್ನ ಸಿಂಟೆಕ್ಸ್‌ನ ಬಿಸಿ ನೀರು ನೇರ ಸುರೀಬ್ಯಾಡ್ರಿ. ಸ್ಪಂಜನ್ನ ಟ್ಯಾಂಕಿಂದ ತೆಗದ ಹಳೇ ನೀರಿನಾಗ ಎರಡು ಸಲಿ ಹಿಂಡ್ರಿ, ಸಾಕು, ಹೊಲಸು ಕಾಣ್ಲಿ ಬಿಡ್ರಿ.

ಆಮ್ಯಾಲ ಟ್ಯಾಂಕ್ ಜಾಗಾ ಬದಲಸ್ರಿ, ತುಂಬಿದ ಟ್ಯಾಂಕ್ ಎತ್ತಬ್ಯಾಡ್ರಿ ಮತ್ತ, ಗಾಜು ಬಿರಕು ಬಿಡ್ತೈತಿ. ಜಾಗಾ ಇಲ್ಲ ಅಂದ್ರ ಕಿಟಕಿ ಕಡಿ ಗಾಜಿಗೆ ಕರಿ ಡ್ರಾಯಿಂಗ್ ಹಾಳಿ ಹಚ್ರಿ. ಲೈಟ್ ದಿನಕ್ಕ ಆರರಿಂದ ಎಂಟು ತಾಸು ಸಾಕು, ಟೈಮರ್ ಪ್ಲಗ್ ಹಾಕಿದ್ರ ಮರ್ಯೋ ಪ್ರಶ್ನಿನ ಇಲ್ಲ. ಕಾಳು ದಿನಕ್ಕ ಒಮ್ಮಿ ಇಲ್ಲಾ ಎರಡು ಸಲಿ, ಎರಡು ನಿಮಿಷದಾಗ ತಿಂದು ಮುಗಿಸೋಷ್ಟ. ಗೋಲ್ಡ್‌ಫಿಶ್ ಯಾವಾಗ್ಲೂ ಹಸದಂಗ ಬಾಯಿ ಬಡೀತಾವ, ಅವುಗಳ ನಾಟಕ ನಂಬಬ್ಯಾಡ್ರಿ. ವಾರಕ್ಕ ಕಾಲು ಪಾಲು ನೀರು ಬದ್ಲಿ, ಅಷ್ಟ. ನಿಜಾ ಹೇಳ್ಬೇಕಂದ್ರ ಎರಡು ಫೂಟಿನಾಗ ಹೆಚ್ಚಂದ್ರ ಐವತ್ತು ಅರವತ್ತು ಲೀಟರ್ ನೀರು ಹಿಡೀತೈತಿ, ನಾಲ್ಕು ಗೋಲ್ಡ್‌ಫಿಶ್ಶಿಗೆ ಅದು ಕಡಿಮಿ, ಮುಂದ ದೊಡ್ಡ ಟ್ಯಾಂಕ್ ತಗೊಳ್ರಿ ಇಲ್ಲಾ ಎರಡು ಯಾರಿಗರ ಕೊಡ್ರಿ. ಉಣಕಲ್ ಕೆರಿಗೆ ಬಿಡಾಕ ಹೋಗಬ್ಯಾಡ್ರಿ.

ಒಂದು ಸುಲಭ ಕೆಲಸ ಹೇಳ್ತೀನಿ, ಮನಿಯಾಗ ಮನಿ ಪ್ಲಾಂಟ್ ಇದ್ದ ಇರ್ತೈತಿ, ಎರಡು ಬಳ್ಳಿ ಕತ್ತರಿಸಿ ಬೇರು ನೀರಿನಾಗ, ಎಲಿ ಹೊರಗ ಇರೂವಂಗ ಟ್ಯಾಂಕಿನ ಅಂಚಿಗೆ ಸಿಗಸ್ರಿ. ನೈಟ್ರೇಟ್ ಎಳಕೋತೈತಿ, ಪಾಚಿಗೆ ಉಳಿಯೋದು ಕಡಿಮಿ ಆಗ್ತೈತಿ. ಎಲಿ ನೀರಿನಾಗ ಮುಳಗಬಾರ್ದು, ಮೀನ ಬೇರು ಕಡಿಯಾಕತ್ತಿದ್ರ ಜಾಳಗಿ ಹಾಕ್ರಿ.

ಇದ ಗುಂಪಿನಾಗ ಯಾರೋ ಯುವಿ ಲೈಟ್, ಅಂದ್ರ ತೇಲೋ ಪಾಚಿ ಕೊಲ್ಲೋ ಅಲ್ಟ್ರಾವಯಲೆಟ್ ದೀಪ, ಹಾಕ್ರಿ ಅಂತ ಬರದಾರ. ಖರೇ, ಅದು ಕೆಲಸ ಮಾಡ್ತೈತಿ, ನಿಮ್ಮ ಸೈಜಿಗೆ ಒಂಬತ್ತು ವ್ಯಾಟ್ ಸಾಕ, ನೀರು ಸಾವಕಾಶ ಅದರೊಳಗಿಂದ ಹಾದು ಹೋಗಬೇಕು, ಒಂದು ವಾರದೊಳಗ ಸ್ವಚ್ಛ ಆಗ್ತೈತಿ. ಆದ್ರ ಉರಿಯೋ ಬಲ್ಬ್ ಕಣ್ಣಿಲೇ ನೋಡಬಾರ್ದು, ಗಾಜಿಗೆ ಹತ್ತಿದ ಪಾಚಿಗೆ ಅದು ಏನೂ ಮಾಡಂಗಿಲ್ಲ, ಅದನ್ನ ಹಳೇ ಎಟಿಎಂ ಕಾರ್ಡಿಲೇ ಕೆರೀಬೇಕು. ನಾ ಆದ್ರ ಮೊದ್ಲು ಚಾದರ, ಆಗ್ಲಿಲ್ಲ ಅಂದ್ರ ಯುವಿ. ಪಟಿಕ (ಆಲಂ) ಹಾಕ್ರಿ ಅನ್ನೋರ ಮಾತು ಕೇಳಬ್ಯಾಡ್ರಿ, ಪಿಎಚ್ ಬೀಳ್ತೈತಿ, ಅಂದ್ರ ನೀರು ಆಮ್ಲದ ಕಡೆ ಹೋಗ್ತೈತಿ. ತಾಮ್ರ ಇರೋ ಪಾಚಿ ಔಷಧ ಹಾಕಿದ್ರ ಬಸವನಹುಳ, ಸೀಗಡಿ ಸಾಯ್ತಾವ.

ಗದಗ ಕಡೆಯಿಂದ ಬೋರ್ ನೀರು ಹಾಕಿದ್ರೂ ಹಸಿರು ಹೋಗವಲ್ದು ಅಂತ ಕೇಳಿದ ಅಣ್ಣಾರಿಗೆ: ಮೊದ್ಲು ಬೋರ್ ನೀರನ್ನ ನೈಟ್ರೇಟ್ ಟೆಸ್ಟ್ ಪಟ್ಟಿಲೇ ನೋಡ್ರಿ. ಸುತ್ತ ಹೊಲ ಇದ್ದು ಗೊಬ್ಬರ ಹಾಕೋ ಕಡೆ ಬೋರಿನಾಗ ನೈಟ್ರೇಟ್ ಇರೋ ಸಾಧ್ಯತಾ ಐತಿ, ಇದ್ರ ಪ್ರತಿ ಸಲಿ ನೀವ ಪಾಚಿಗೆ ಗೊಬ್ಬರ ಹಾಕಿದಂಗ, ಅರ್ಧ ಆರ್‌ಓ ನೀರು ಬೆರಸಿ ಹಾಕ್ರಿ.

ಅಕ್ಕಾರ, ತೆಗದ ಹಸಿರು ನೀರು ಮೋರಿಗೆ ಚೆಲ್ಲಬ್ಯಾಡ್ರಿ, ಔಷಧ ಹಾಕಿಲ್ಲ ಅಂದ್ರ ಕುಂಡದ ಗಿಡಕ್ಕ ಚೊಲೊ ಗೊಬ್ಬರ. ಗಪ್ಪಿ ಮರಿ ಸಾಕೋರು, ಡಾಫ್ನಿಯಾ (ಮೀನಿಗೆ ತಿನಸೋ ಸಣ್ಣ ನೀರಿನ ಜೀವಿ) ಬೆಳಸೋರು ಯಾರರ ಹುಬ್ಬಳ್ಳಿ ವಿದ್ಯಾನಗರದಾಗ ಇದ್ರ ಇಲ್ಲೇ ಹೇಳ್ರಿ, ಒಂದು ಕ್ಯಾನ್ ಅವರ ಬಂದು ಒಯ್ತಾರ, ಅವರಿಗೆ ಇದ ನೀರು ಬೇಕಾಗಿರ್ತೈತಿ.